ಮೈಕಣ್ಣನ ಸ್ವಂತ ಮಾತು

ಬೆಳಗಿನ ಆರೂವರೆ. ನಗರದ ಹಳೆಯ ಬಡಾವಣೆಯೊಂದರ ತಿರುವಿನಲ್ಲಿ ಆಟೋ ನಿಲ್ಲಿಸಿ, ಪಕ್ಕದಲ್ಲಿ ನಿಂತು ಮೈಕಣ್ಣ ಉಪ್ಪುನೀರಿನಲ್ಲಿ ಗಂಟಲು ಮುಕ್ಕಳಿಸುತ್ತಿದ್ದಾರೆ. ಆಮೇಲೆ ಒಳಗೆ ಕೂತು, ಕರವಸ್ತ್ರ ಸುತ್ತಿದ ಮೈಕಿಗೆ "ಹಲೋ, ಹಲೋ" ಅನ್ನುತ್ತಾರೆ. ಮಹಡಿಯ ಮೇಲೊಂದು ಕಿಟಕಿ ತೆರೆಯುತ್ತದೆ. ಕೂದಲು ಬಾಚುತ್ತಿದ್ದ ಹೆಂಗಸು ಕೇಳುತ್ತಾರೆ: "ಇವತ್ತು ಯಾರ ಕಡೆ, ಮೈಕಣ್ಣ?"

"ಯಾರ ಕಡೆನೂ ಇಲ್ಲಮ್ಮ, ನಿಮ್ಮ ಕಡೆ."

ಈ ಸಲ ಅವರನ್ನು ಕರೆಸಿಕೊಂಡಿರುವುದು ಪಕ್ಷವಲ್ಲ, ಚುನಾವಣಾ ಕಚೇರಿ. ಜನರನ್ನು ಮತಗಟ್ಟೆಗೆ ಕರೆಯುವ ಕೆಲಸ. ಮತದಾನಕ್ಕೆ ಇನ್ನು ನಾಲ್ಕೇ ದಿನ. ಅವರ ಬಗ್ಗೆ ಬರೆಯಲೆಂದು ನಾನೂ ಆಟೋದಲ್ಲಿ ಕೂತಿದ್ದೇನೆ.

ಮೈಕಣ್ಣ ಮೂವತ್ತು ವರ್ಷದಿಂದ ಈ ಬೀದಿಗಳಲ್ಲಿ ಎಲ್ಲ ಪಕ್ಷಗಳಿಗೂ ಮತ ಕೇಳಿದವರು. ಯಾವ ಬೀದಿಯ ಒಲವು ಯಾವ ಕಡೆ ಎಂಬುದು ಅವರಿಗೆ ಬಾಯಿಪಾಠ. ಮೇಲಿನ ಬೀದಿ ಬಾಚಣಿಗೆ ಗುರುತನ್ನು ಬಿಟ್ಟುಕೊಟ್ಟಿದ್ದೇ ಇಲ್ಲ. ಅಭ್ಯರ್ಥಿ ಯಾರೆಂದು ಕೂಡ ಕೇಳುವುದಿಲ್ಲ. ಅಂಗಡಿ ಬೀದಿ ಗಾಳಿ ಬೀಸಿದ ಕಡೆ ವಾಲುತ್ತದೆ. ಅಲ್ಲೇ ಒಂದು ಮನೆಯಲ್ಲಿ ಮಹಡಿಯ ಅಣ್ಣ ಬಾಚಣಿಗೆಯ ಬಾವುಟ ಕಟ್ಟಿದರೆ, ಕೆಳಗಿನ ತಮ್ಮ ಎದುರು ಪಕ್ಷದ ಗುರುತಾದ ಬುಟ್ಟಿಯದು ಕಟ್ಟುತ್ತಾನೆ. ಅವರ ತಾಯಿ "ನಿನ್ನ ಪಕ್ಷಕ್ಕೇ ಕಣೋ" ಎಂದು ಇಬ್ಬರಿಗೂ ತಲೆಯಾಡಿಸಿ ನೆಮ್ಮದಿಯಾಗಿದ್ದಾರೆ.

ಒಮ್ಮೆ ಎಡವಟ್ಟಾಗಿತ್ತು. ಬೆಳಿಗ್ಗೆಯೆಲ್ಲ ಬಾಚಣಿಗೆಗೆ ಕೂಗಿ, ಮಧ್ಯಾಹ್ನ ಬುಟ್ಟಿಯವರ ಗಾಡಿ ಹತ್ತಿದ ಮೈಕಣ್ಣ ಮರೆತು "ನಿಮ್ಮ ಮತ ಬಾಚಣಿಗೆಗೇ" ಎಂದುಬಿಟ್ಟರು. ಬುಟ್ಟಿಯ ಅಭ್ಯರ್ಥಿ ಪಕ್ಕದಲ್ಲೇ ಕೈಮುಗಿದು ನಿಂತಿದ್ದರು. ಅವರ ತಲೆಯೋ ನುಣ್ಣಗೆ ಬೋಳು. ಅಂಗಡಿ ಬೀದಿ ಬಿದ್ದು ಬಿದ್ದು ನಕ್ಕಿದ್ದನ್ನು ಇಂದಿಗೂ ನೆನಪಿಸಿಕೊಳ್ಳುತ್ತದೆ.

ಇನ್ನು ಕೆಳಗಿನ ಬೀದಿ. ಹಿಂದೆ ಅಲ್ಲಿನವರೆಲ್ಲ ಒಂದೇ ಮಾತಾಗಿ ಬುಟ್ಟಿಗೆ ಒತ್ತುತ್ತಿದ್ದರು. ಕಳೆದ ಎರಡು ಚುನಾವಣೆಗಳಲ್ಲಿ ಒಬ್ಬರೂ ಮತಗಟ್ಟೆಯ ಕಡೆ ತಲೆಹಾಕಿಲ್ಲ. ಸಿಬ್ಬಂದಿ ನೊಣ ಹೊಡೆಯುತ್ತಾ ಕೂತಿದ್ದರು. ಆ ಬೀದಿಯನ್ನು ಮತ್ತೆ ಕರೆತರುವುದೇ ಈಗ ಮೈಕಣ್ಣನ ತಲೆಯಲ್ಲಿರುವ ಒಂದೇ ಚಿಂತೆ. ಕಾರಣವಿದೆ.

ಆ ಎರಡಕ್ಕೂ ಹಿಂದಿನ ಚುನಾವಣೆಯಲ್ಲಿ "ಗೆದ್ದ ತಿಂಗಳಲ್ಲೇ ಮನೆಮನೆಗೆ ನಲ್ಲಿ" ಎಂದು ಬುಟ್ಟಿಯವರು ಬರೆದುಕೊಟ್ಟಿದ್ದರು. ಮೈಕಣ್ಣ ಅದನ್ನು ಎದೆತುಂಬಿ ಕೂಗಿದ್ದರು. ಪಕ್ಷ ಗೆದ್ದಿತು, ನಲ್ಲಿ ಬರಲಿಲ್ಲ. ಗೆದ್ದವರು ಆ ಕಡೆ ಸುಳಿಯಲಿಲ್ಲ, ಆದರೆ ಮೈಕಣ್ಣ ಬಟ್ಟೆ ಅಂಗಡಿಯ ರಿಯಾಯಿತಿ ಮಾರಾಟ ಸಾರುತ್ತಾ ಹೋಗಲೇಬೇಕಿತ್ತು. ಒಂದು ದಿನ ಖಾಲಿ ಬಕೆಟ್ ಹಿಡಿದ ಹೆಂಗಸರು ಆಟೋಗೆ ಅಡ್ಡ ನಿಂತರು. ಬೀದಿಯವರೆಲ್ಲ ದೊಡ್ಡಮ್ಮ ಎಂದು ಕರೆಯುವ ಮುದುಕಿ ಮುಂದೆ ಬಂದು ಹೇಳಿದರು: "ಗೆದ್ದೋನ ಮುಖ ನಾವು ನೋಡೇ ಇಲ್ಲ. ನಲ್ಲಿ ಕೊಡ್ತೀವಿ ಅಂದಿದ್ದು ನಿನ್ನ ಬಾಯಿ. ಎಲ್ಲಪ್ಪಾ ನಲ್ಲಿ?"

"ಬರೆದುಕೊಟ್ಟಿದ್ದು ಓದ್ದೆ ದೊಡ್ಡಮ್ಮ ಅಂದೆ. ಅಂದ್ಮೇಲೆ ನನಗೇ ನಾಚಿಕೆ ಆಯ್ತು" ಎನ್ನುತ್ತಾರೆ ಮೈಕಣ್ಣ.

ಅಂದಿನಿಂದ ಅವರು ಅಭ್ಯರ್ಥಿಯ ಹೆಸರು, ಗುರುತು ಇಷ್ಟನ್ನೇ ಕೂಗುವುದು. ಭರವಸೆಗಳನ್ನು ಕೊಡುವವರೇ ಬಂದು ತಮ್ಮ ಬಾಯಲ್ಲೇ ಹೇಳಿಕೊಳ್ಳಲಿ ಎಂಬ ಹಟ. ಪಕ್ಷದವರು ಇದನ್ನು ಸಹಿಸಿಯಾರೇ? ಬೇರೆ ಯಾರದೋ ದನಿಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಬೀದಿಬೀದಿಯಲ್ಲಿ ಹಾಕತೊಡಗಿದರು. ಮನೆಯ ಭಾರ ಬಟ್ಟೆ ಹೊಲಿಯುವ ಹೆಂಡತಿಯ ಮೇಲೆ ಬಿತ್ತು. "ಮೊದಮೊದಲು ಚೆನ್ನಾಗಿ ಜಗಳ ಆಡ್ದೆ" ಎಂದು ಆಕೆ ಮಿಷನ್ ತುಳಿಯುತ್ತಲೇ ಒಪ್ಪಿಕೊಳ್ಳುತ್ತಾರೆ. "ಈಗ ಯಾರಾದ್ರೂ ನಿಮ್ ಯಜಮಾನ್ರು ಸುಳ್ಳು ಹೇಳಲ್ಲ ಅಂದ್ರೆ, ಅವರ ಬಟ್ಟೆಗೆ ಇನ್ನೊಂದು ಹೊಲಿಗೆ ಜಾಸ್ತಿ ಹಾಕಿಕೊಡ್ತೀನಿ."

ಕೆಳಗಿನ ಬೀದಿ ಬರುತ್ತಿದ್ದಂತೆ ಮೈಕಣ್ಣ ಮೈಕ್ ಆರಿಸಿ ಇಳಿಯುತ್ತಾರೆ. ಮನೆಯಿಂದ ಮನೆಗೆ ನಡೆಯುತ್ತಾರೆ. ಕೆಲವರು ಕುಳಿತುಕೊಳ್ಳಲು ಹೇಳುತ್ತಾರೆ, ಕೆಲವರು ಕೇಳಿಸದವರಂತೆ ಪಾತ್ರೆ ಉಜ್ಜುತ್ತಾರೆ. ದೊಡ್ಡಮ್ಮನ ಬಾಗಿಲಲ್ಲಿ ಅವರ ದನಿ ಇನ್ನೂ ತಗ್ಗುತ್ತದೆ.

"ನಲ್ಲಿ ಬರುತ್ತೆ ಅಂತ ನಾನು ಹೇಳಲ್ಲ ದೊಡ್ಡಮ್ಮ. ವೋಟೇ ಹಾಕದ ಬೀದಿಗೆ ಯಾರೂ ಹೆದರಲ್ಲ, ಅಷ್ಟು ಹೇಳ್ತೀನಿ. ಯಾರಿಗಾದ್ರೂ ಹಾಕಿ."

ದೊಡ್ಡಮ್ಮ ಬಕೆಟ್ ಎತ್ತಿಕೊಂಡು ಒಳಗೆ ಹೋಗುತ್ತಾರೆ. ಮೈಕಣ್ಣನ ಮುಖ ಸಪ್ಪಗಾಗುತ್ತದೆ.

ಮತದಾನದ ದಿನ ಅವರು ಬೇಗ ಬಂದು, ತಮ್ಮ ಮತ ಹಾಕಿ, ಮತಗಟ್ಟೆಯಿರುವ ಶಾಲೆಯ ಗೇಟಿನಾಚೆ ಮರದ ಕೆಳಗೆ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಾರೆ. ಹೋಗಿಬರುವವರೆಲ್ಲ "ಇವತ್ತು ವಾಲ್ಯೂಮ್ ಕಮ್ಮಿ" ಎಂದು ರೇಗಿಸುತ್ತಾರೆ. ಅವರ ಕಣ್ಣು ಮಾತ್ರ ರಸ್ತೆ ಬಿಟ್ಟು ಕದಲುವುದಿಲ್ಲ. ಬಿಸಿಲು ಏರಿದರೂ ಕೆಳಗಿನ ಬೀದಿಯವರ ಸುಳಿವಿಲ್ಲ.

ಮಧ್ಯಾಹ್ನ ಕಳೆದ ಮೇಲೆ ಸೊಸೆಯ ಭುಜ ಹಿಡಿದು ದೊಡ್ಡಮ್ಮ ಬರುತ್ತಾರೆ. ಅವರ ಹಿಂದೆ, ರಸ್ತೆ ತುಂಬಿಕೊಂಡು, ಇಡೀ ಬೀದಿ. ಬಾಚಣಿಗೆಗೋ ಬುಟ್ಟಿಗೋ, ಈ ಸಲ ಯಾರೂ ಹೇಳಲಾರರು. ಎರಡೂ ಪಕ್ಷದ ಹುಡುಗರು ಮುಖ ಮುಖ ನೋಡಿಕೊಳ್ಳುತ್ತಾರೆ. ಮೈಕಣ್ಣ ಎದ್ದು ನಿಲ್ಲುತ್ತಾರೆ. ಗೇಟು ದಾಟುವ ಮುನ್ನ ದೊಡ್ಡಮ್ಮ ಅವರತ್ತ ತಿರುಗಿ, "ನಿನ್ನ ಮಾತಿಗೆ ಬಂದೆ ಅಂದ್ಕೋಬೇಡ" ಎನ್ನುತ್ತಾರೆ. "ಹೆದರಿಸೋಕೆ ಬಂದಿದೀನಿ."

ಆ ಮಾತನ್ನು ನನಗೆ ಮತ್ತೆ ಮತ್ತೆ ಹೇಳಿ ತೋರಿಸುವಾಗ ಮೈಕಣ್ಣನ ಎದೆ ಉಬ್ಬುತ್ತದೆ. ನಿಜ ಹೇಳಬೇಕೆಂದರೆ, ಕೇಳುವ ನನ್ನದೂ. ಇನ್ನು ನಿಮ್ಮ ಆಸೆಯೇನು ಎಂದು ಕೇಳಿದರೆ ಮೈಕಿನ ವೈರು ಸುತ್ತುತ್ತಾ ಹೇಳುತ್ತಾರೆ:

"ಆ ಬೀದಿಗೆ ನಲ್ಲಿ ಬಂದ ದಿನ ನಾನೇ ಆಟೋ ತಗೊಂಡು ಹೋಗಿ 'ನೀರು ಬಂತು' ಅಂತ ಕೂಗ್ಬೇಕು. ಅದನ್ನ ಯಾರೂ ಬರೆದುಕೊಡೋದು ಬೇಡ."