ಮಿಸ್ತ್ರಿಯ ಕಿವಿ ಮತ್ತು ನನ್ನ ಫಾರಿನ್ ಗಾಡಿ

ಮೊನ್ನೆ ಪಕ್ಕದ ಮನೆಯವರು ಸ್ಕೂಟರಿನ ಯಾವುದೋ ಭಾಗ ಬಿಚ್ಚಿ ಅಂಗಳದಲ್ಲಿ ಹರಡಿಕೊಂಡು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದರು. ಈ ಕಾಲದಲ್ಲಿ ಸೀಮೆಎಣ್ಣೆ ಅವರಿಗೆ ಎಲ್ಲಿ ಸಿಕ್ಕಿತೋ ಗೊತ್ತಿಲ್ಲ. ವಾಸನೆ ಮಾತ್ರ ನೆಟ್ಟಗೆ ನಮ್ಮ ಅಡುಗೆಮನೆಗೆ ಬಂತು. ನಾನು ಊಟಕ್ಕೆ ಕುಳಿತಿದ್ದೆ. ರೊಟ್ಟಿ ಮುರಿದ ಕೈ ಹಾಗೇ ನಿಂತುಬಿಟ್ಟಿತು. "ಯಾಕ, ಪಲ್ಯ ಖಾರ ಆಗೈತೇನು?" ಎಂದು ಹೆಂಡತಿ ಕೇಳಿದಳು. ಹೂಂ ಅಂದೆ. ಖಾರವೇನೂ ಆಗಿರಲಿಲ್ಲ.

ಬೆಟಗೇರಿಯ ಮಿಸ್ತ್ರಿಯ ಕೈ ಯಾವಾಗಲೂ ಹೀಗೇ ನಾರುತ್ತಿತ್ತು. ಕಾರು ರಿಪೇರಿ ಮಾಡಿದ ಮೇಲೆ ಕೈಯನ್ನು ಸೀಮೆಎಣ್ಣೆಯಲ್ಲಿ ತೊಳೆದು, ಸಾಬೂನು ಹಚ್ಚಿ, ಹಳೆಯ ಧೋತರದ ತುಂಡಿಗೆ ಒರೆಸಿಕೊಂಡು, ಆಮೇಲೆಯೇ ಗಿರಾಕಿಯ ಸ್ಟೇರಿಂಗ್ ಮುಟ್ಟುತ್ತಿದ್ದರು. ಅವರದೊಂದು ತಗಡಿನ ಶೆಡ್ಡು. ಎರಡೂ ಕಡೆ ವಿದ್ಯುತ್ ಮಗ್ಗಗಳು. ಬೆಳಗಿನಿಂದ ಸಂಜೆಯವರೆಗೆ ಆ ಖಟಖಟ ಸಪ್ಪಳದ ನಡುವೆ ನಿಂತು, ಇಂಜಿನ್ನಿನ ಯಾವ ಮೂಲೆಯಲ್ಲಿ ಏನು ಸಡಿಲಾಗಿದೆ ಎಂದು ಹೇಳುತ್ತಿದ್ದರು. ನನಗೆ ಗದಗಿನಲ್ಲಿ ಸಣ್ಣದೊಂದು ಮುದ್ರಣಾಲಯವಿತ್ತು. ಮದುವೆ ಕಾರ್ಡು, ಕ್ಯಾಲೆಂಡರು ಅಚ್ಚು ಹಾಕಿ, ಮುಂಡರಗಿ ಶಿರಹಟ್ಟಿಗೆಲ್ಲ ನಾನೇ ಕಾರಿನಲ್ಲಿ ಒಯ್ದು ಕೊಡುತ್ತಿದ್ದೆ. ನಮ್ಮ ದೇಶದಲ್ಲೇ ತಯಾರಾದ ಹಳೆಯ ಸಣ್ಣ ಕಾರು. ಅದರ ಜೀವ ಮಿಸ್ತ್ರಿಯ ಕೈಯಲ್ಲಿತ್ತು.

ನಮ್ಮ ಕಡೆ ಹಳೆಯ ಕಾರು ಕೊಳ್ಳುವುದೆಂದರೆ ಕನ್ಯೆ ನೋಡಲು ಹೋದ ಹಾಗೆ. ಮಿಸ್ತ್ರಿಯನ್ನು ಕರೆದುಕೊಳ್ಳದೆ ಯಾರೂ ಹೋಗುತ್ತಿರಲಿಲ್ಲ. ಮಾರುವವರ ಮನೆಯಲ್ಲಿ ಅವರು ಅವಲಕ್ಕಿ ತಿನ್ನುತ್ತಿದ್ದರು, ಮಳೆ ಬೆಳೆಯ ಮಾತಾಡುತ್ತಿದ್ದರು, ಗಾಡಿಯ ಬಗ್ಗೆ ತುಟಿ ಬಿಚ್ಚುತ್ತಿರಲಿಲ್ಲ. ಆಮೇಲೆ ಇಂಜಿನ್ ಚಾಲೂ ಮಾಡಿಸಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಅದಕ್ಕೆ ಊರಿ, ಕಟ್ಟಿಗೆಯ ಹಿಡಿಕೆಯನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚುತ್ತಿದ್ದರು. ತಿರುಗಿ ಬರುವಾಗ, ಊರು ದಾಟಿದ ಮೇಲೆ, ಒಂದೇ ಮಾತು. "ತಗೋರಿ", ಇಲ್ಲವೇ "ಬ್ಯಾಡ್ರಿ". ಸುತ್ತಿನ ನಾಲ್ಕು ಊರುಗಳಲ್ಲಿ ಆ ಮಾತಿಗೆ ಎದುರಾಡಿದವರನ್ನು ನಾನು ಕಾಣೆ.

ನನಗೆ ಮಾತ್ರ ಫಾರಿನ್ ಗಾಡಿಯ ಹುಚ್ಚು. ಶೆಡ್ಡಿನ ಮುಂದೆ ಕುಳಿತಾಗಲೆಲ್ಲ ಇದೇ ವಾದ. ನಮ್ಮ ಗಾಡಿಗೆ ಮೂರು ವರ್ಷಕ್ಕೇ ತುಕ್ಕು, ಕಿಟಕಿ ಗಡಗಡ, ಪರದೇಶದ ಗಾಡಿಯ ಬಾಗಿಲು ಮುಚ್ಚುವ ಗತ್ತೇ ಬೇರೆ ಎಂದು ನಾನು ಹೇಳುತ್ತಿದ್ದೆ.

"ಬಾಗಲಾ ಚೊಲೊ ಮುಚ್ಚತೈತಿ ಅಂತ ಗಾಡಿ ತಗೋತಾರೇನ್ರಿ ಮಾಲಕ್ರ?" ಎಂದು ಅವರು ನಗುತ್ತಿದ್ದರು. "ಅದು ಕೆಡೂದು ಕಡಿಮಿ, ನಾ ಇಲ್ಲ ಅನ್ನೂದಿಲ್ಲ. ಆದ್ರ ನಮ್ಮ ಗಾಡಿ ಕೆಟ್ರ ಮುಂಡರಗ್ಯಾಗೂ ಸಾಮಾನ ಸಿಗತೈತಿ, ಶಿರಹಟ್ಟ್ಯಾಗೂ ಸಿಗತೈತಿ. ಅದು ಕೆಟ್ಟ ದಿವಸ ನಿಮಗ ಯಾರೂ ಇಲ್ಲ. ಹತ್ತು ವರ್ಷ ಆದ ಮ್ಯಾಲ ನಮ್ಮ ಗಾಡಿ ಒಯ್ಯಾಕ ರೈತ್ರು ಓಡಿ ಬರ್ತಾರ. ಅದನ್ನ ಒಯ್ಯಾಕ ಗುಜರಿಯವನೂ ಬರೂದಿಲ್ಲ."

ಹುಲಕೋಟಿಯಲ್ಲಿ ಒಬ್ಬರು ಅಂಥದೊಂದು ಗಾಡಿ ಮಾರುತ್ತಾರೆ ಎಂಬ ಖಬರು ಬಂದಾಗ ನಾನು ತಡೆಯಲಿಲ್ಲ. ಮಿಸ್ತ್ರಿಯನ್ನು ಕೂರಿಸಿಕೊಂಡೇ ಹೋದೆ. ಕಪ್ಪು ಬಣ್ಣದ ಗಾಡಿ, ಪರದೇಶದಲ್ಲೇ ತಯಾರಾಗಿ ಹಡಗಿನಲ್ಲಿ ಬಂದದ್ದಂತೆ. ಮಾಲೀಕರು ಇಂಜಿನ್ ಚಾಲೂ ಮಾಡಿಟ್ಟು ಕಾಗದಪತ್ರ ತರಲು ಮನೆಯೊಳಗೆ ಹೋದರು. ಇಂಜಿನ್ನಿನ ಸಪ್ಪಳ ಫ್ಯಾನಿನಷ್ಟೂ ಇರಲಿಲ್ಲ. ಮಿಸ್ತ್ರಿ ಸ್ಕ್ರೂಡ್ರೈವರ್ ಊರಿ ಕಣ್ಣು ಮುಚ್ಚಿದರು. ಜಾಗ ಬದಲಿಸಿದರು. ಮತ್ತೆ ಬದಲಿಸಿದರು. ಆಮೇಲೆ ಕಣ್ಣು ಮುಚ್ಚಿಕೊಂಡೇ ಹೇಳಿದರು. "ಹೂಂ, ಈಗ ಚಾಲೂ ಮಾಡ್ರಿ."

ನಾನು ಹತ್ತಿರ ಹೋಗಿ ಅವರ ಭುಜ ಮುಟ್ಟಿದೆ. "ಚಾಲೂನ ಐತ್ರಿ" ಎಂದೆ.

ಅವರು ಕಣ್ಣು ತೆರೆದು ನನ್ನ ಬಾಯಿಯನ್ನು ನೋಡಿದರು. ಮುಖವನ್ನಲ್ಲ, ಬಾಯಿಯನ್ನು. ಎಷ್ಟೋ ತಿಂಗಳಿಂದ ಹಾಗೇ ನೋಡುತ್ತಿದ್ದರು ಎಂಬುದು ಆಗ ಹೊಳೆಯಿತು... ಅಂಗೈಯನ್ನು ಇಂಜಿನ್ನಿಗೆ ಒತ್ತಿ ನೋಡಿದರು.

ಹುಲಕೋಟಿ ದಾಟಿದ ಮೇಲೆ "ಬ್ಯಾಡ್ರಿ" ಎಂದರು. ಸ್ವಲ್ಪ ದೂರ ಹೋದ ಮೇಲೆ ಅವರೇ ಮುಂದುವರಿಸಿದರು. "ಒಂದ ವರ್ಷ ಆತು. ಎಡಗಿವಿ ಪೂರಾ ಹೋಗೈತಿ, ಬಲಗಿವಿ ಅಷ್ಟಕ್ಕಷ್ಟ. ನಮ್ಮ ಗಾಡಿ ನಡಗ್ತಾವು, ಕೈಗೆ ತಿಳೀತೈತಿ. ಇದು ಕೈಗೂ ತಿಳೀಲಿಲ್ಲ. ಆದ್ರ ಬ್ಯಾಡ ಅಂದಿದ್ದು ಕಿವೀ ಸಲುವಾಗಿ ಅಲ್ರಿ, ಮೊದಲಿಂದ ಹೇಳಿಕೋತ ಬಂದಿದ್ದ ಐತಿ." ಆಮೇಲೆ ನನ್ನ ತೋಳು ಹಿಡಿದು, "ಈ ಮಾತು ನಿಮ್ಮ ಹೊಟ್ಟ್ಯಾಗ ಇರಲಿ ಮಾಲಕ್ರ. ನನ್ನ ಅನ್ನ ಇದರ ಮ್ಯಾಲ ಐತಿ" ಎಂದರು. ನಾನು ಅವರಿಗೆ ಕಾಣುವ ಹಾಗೆ ದೊಡ್ಡದಾಗಿ ತಲೆಯಾಡಿಸಿದೆ.

ಹದಿನೈದು ದಿನದಲ್ಲಿ ಆ ಗಾಡಿ ನನ್ನ ಮನೆಯ ಮುಂದಿತ್ತು. ಆಸೆ, ಮತ್ತೇನಿಲ್ಲ. ಹಳೆಯದನ್ನು ಅಡರಕಟ್ಟಿಯ ರೈತರೊಬ್ಬರು ಒಯ್ದರು.

ಬಸ್ ಸ್ಟ್ಯಾಂಡಿನ ಹತ್ತಿರದ ಚಹಾದಂಗಡಿಯಲ್ಲಿ ನಮ್ಮದೊಂದು ಗುಂಪು ಸೇರುತ್ತಿತ್ತು. ಒಂದು ಸಂಜೆ ಮಿರ್ಚಿ ಭಜಿ ತಿನ್ನುತ್ತ ಒಬ್ಬ ಕೇಳಿದ. "ಮಿಸ್ತ್ರಿ ಬ್ಯಾಡ ಅಂದಿದ್ರಂತ, ಹೌದೇನು? ಮತ್ತ ಯಾಕ ತಗೊಂಡಿ?"

ಸುಮ್ಮನಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಆದರೆ ನಾಲ್ಕು ಜನರ ನಡುವೆ ಪೆದ್ದನಾಗಲು ಮನಸ್ಸು ಒಪ್ಪಲಿಲ್ಲ. "ಏ, ಅವರಿಗೆ ಕಿವೀನ ಕೇಳಸೂದಿಲ್ಲೋ" ಎಂದೆ. "ಚಾಲೂ ಇದ್ದ ಗಾಡಿಗೆ ಚಾಲೂ ಮಾಡ್ರಿ ಅಂದ್ರು." ಅಷ್ಟಕ್ಕೇ ಬಿಡಲಿಲ್ಲ. ಟೇಬಲ್ಲಿನ ಮೇಲಿದ್ದ ಚಮಚದ ತುದಿಯನ್ನು ಚಹಾದ ಕಪ್ಪಿಗೆ ಊರಿ, ಹಿಡಿಯನ್ನು ಕಿವಿಗೆ ಹಚ್ಚಿ, ಕಣ್ಣು ಮುಚ್ಚಿ ತೋರಿಸಿದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಆ ನಗೆ ನೆನಪಾದಾಗ ಈಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ವಾರದೊಳಗೆ ಅದು ಲಕ್ಷ್ಮೇಶ್ವರ ಮುಟ್ಟಿತ್ತು. ಗಾಡಿ ನೋಡಲು ಮಿಸ್ತ್ರಿಯನ್ನು ಕರೆಯುವವರು ಕಡಿಮೆಯಾದರು, ಆಮೇಲೆ ರಿಪೇರಿಗೆ ತರುವವರೂ. ಒಮ್ಮೆ ಆ ದಾರಿಯಲ್ಲಿ ಹೋಗುವಾಗ ಕಂಡೆ. ಮಿಸ್ತ್ರಿ ಬಗ್ಗಿ ಏನೋ ಬಿಚ್ಚುತ್ತಿದ್ದಾರೆ, ಹಿಂದೆ ಇಬ್ಬರು ನಿಂತು "ಮಿಸ್ತ್ರಿ, ಓ ಮಿಸ್ತ್ರಿ" ಎಂದು ಕರೆಯುತ್ತ ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿದ್ದಾರೆ. ಇಳಿದು ಗದರಿಸಬೇಕಿತ್ತು. ನಾನು ಗಾಡಿ ನಿಲ್ಲಿಸಲಿಲ್ಲ. ಮುಂದಿನ ಬೇಸಿಗೆಗೆ ಶೆಡ್ಡಿಗೆ ಕೀಲಿ ಬಿತ್ತು. ಅವರು ಕುರ್ತಕೋಟಿಯಲ್ಲಿದ್ದ ಮಗಳ ಮನೆಗೆ ಹೋದರಂತೆ...

ಗಾಡಿ ಎರಡು ವರ್ಷ ಹೂವಿನ ಹಾಗೆ ಓಡಿತು, ಸುಳ್ಳು ಹೇಳಬಾರದು. ನಾನು ಮಾಡಿದ್ದೇ ಸರಿ ಎಂದು ಬೀಗಿದೆ. ಒಂದು ಮಧ್ಯಾಹ್ನ ಲಕ್ಷ್ಮೇಶ್ವರದಿಂದ ಬರುವಾಗ ಅಡರಕಟ್ಟಿಯ ಹತ್ತಿರ ಸ್ಟೇರಿಂಗಿನ ಮುಂದಿನ ಎಚ್ಚರಿಕೆಯ ದೀಪಗಳೆಲ್ಲ ಒಮ್ಮೆಲೇ ಹತ್ತಿಕೊಂಡು ಗಾಡಿ ನಿಂತಿತು. ಗೇರು ಬೀಳಲೊಲ್ಲದು. ನಾನು ಬಿಸಿಲಲ್ಲಿ ನಿಂತಿದ್ದಾಗ ನನ್ನದೇ ಹಳೆಯ ಕಾರು ಬಂತು, ಮೆಣಸಿನಕಾಯಿ ಚೀಲ ಹೇರಿಕೊಂಡು. "ಯಾಕ್ರಿ, ಗಾಡಿ ನಿಂತೈತೇನು? ಬರ್ರಿ, ಕುಂಡ್ರಿ" ಎಂದರು ಆ ರೈತರು. ಗಡಗಡಿಸುವ ಕಿಟಕಿಯ ಪಕ್ಕ ಕುಳಿತು, ಘಾಟಿಗೆ ಸೀನುತ್ತ ಗದಗಿಗೆ ಬಂದೆ. ನನ್ನ ಗಾಡಿಯನ್ನು ಮರುದಿನ ಟ್ರ್ಯಾಕ್ಟರು ಎಳೆದು ತಂದಿತು. ಹುಬ್ಬಳ್ಳಿಯಿಂದ ಮೆಕ್ಯಾನಿಕರು ಬಂದು ನೋಡಿ, ಒಳಗಿನ ಒಂದು ಸಣ್ಣ ಸಾಮಾನು ಹೋಗಿದೆ, ಪರದೇಶದಿಂದ ಬರಬೇಕು, ಆದರೆ ಈಗ ಅಲ್ಲಿಯೂ ಅದನ್ನು ಮಾಡುವುದನ್ನು ಬಿಟ್ಟಿದ್ದಾರೆ ಎಂದರು. ಗುಜರಿಯವನು ಒಮ್ಮೆ ಸುತ್ತು ಹಾಕಿ ಹೋದವನು ತಿರುಗಿ ಬರಲಿಲ್ಲ. ಮಿಸ್ತ್ರಿ ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಅದರಲ್ಲಿ ಒಂದನ್ನೂ ಅವರು ಕಿವಿಯಿಂದ ತಿಳಿದಿರಲಿಲ್ಲ.

ಬಸ್ಸು ಹಿಡಿದು ಕುರ್ತಕೋಟಿಗೆ ಹೋದೆ. ಮಿಸ್ತ್ರಿ ಕಟ್ಟೆಯ ಮೇಲೆ ಕುಳಿತಿದ್ದರು. ಬಲಗಿವಿಯೂ ಹೋಗಿತ್ತು, ಕಣ್ಣಿಗೂ ಪೊರೆ ಬಂದು ತುಟಿಯ ಓದು ನಿಂತಿತ್ತು. ಹತ್ತಿರ ಕುಳಿತ ಮೇಲೆ ಗುರುತು ಹಿಡಿದು, "ಬರ್ರಿ ಮಾಲಕ್ರ" ಎಂದು ಎರಡೂ ಕೈ ಹಿಡಿದುಕೊಂಡರು. "ನನ್ನ ಕಡೆ ತಪ್ಪಾಗೈತ್ರಿ" ಎಂದು ನಾನು ಕೂಗಿ ಹೇಳಿದೆ. ಕೇಳಲಿಲ್ಲ. ಓಣಿಯವರು ತಿರುಗಿ ನೋಡಿದರು. ಹುಟ್ಟಿದಂದಿನಿಂದ ಅಕ್ಷರದ ನಡುವೆ ಬದುಕಿದವನು, ಜೇಬಿನಲ್ಲಿದ್ದ ಒಂದು ಕಾರ್ಡು ತೆಗೆದು ಹಿಂದೆ ದೊಡ್ಡ ಅಕ್ಷರದಲ್ಲಿ ಬರೆದು ಅವರ ಕೈಗಿಟ್ಟೆ. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ ನಾಚಿಕೊಂಡು ನಕ್ಕರು. "ನನಗ ಓದಾಕ ಎಲ್ಲಿ ಬರತೈತ್ರಿ" ಎಂದವರೇ ಮಗಳನ್ನು ಕೂಗಿದರು.

ಮಗಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. "ಕೊಡ್ರಿ, ನಾ ಓದಿ ಕೈಸನ್ನಿ ಮಾಡಿ ಹೇಳ್ತೀನಿ. ನಾ ಮಾಡಿದ್ದು ತಿಳೀತೈತಿ ಅವರಿಗೆ. ನೀವು ಬಂದಿದ್ದು ಭಾಳ ಚೊಲೊ ಆತು. ಊರಾಗ ಯಾರೋ ಅಪ್ಪನ ಕಿವೀ ಮಾತು ಹಬ್ಬಿಸಿದ ಮ್ಯಾಲ ಗದಗಿನಿಂದ ಒಬ್ರೂ ಬಂದಿಲ್ಲ."

ಯಾರೋ, ಅಂದಳು.

ಅವಳ ಕೈ ಕಾರ್ಡಿಗೆ ಮುಟ್ಟುವ ಮೊದಲೇ ನಾನು ಅದನ್ನು ಕಸಿದು ಜೇಬಿಗೆ ಇಳಿಸಿದೆ. "ಏನಿಲ್ಲವ್ವಾ, ಆರಾಮ ಅದೀರೇನು ಅಂತ ಬರದಿದ್ದೆ" ಎಂದೆ. ಅವಳು ತಂದೆಯ ಮುಖದ ಹತ್ತಿರ ಕೈಯಾಡಿಸಿ ಅಷ್ಟನ್ನೇ ಹೇಳಿದಳು. ಅವರು ನನ್ನ ಕಡೆ ತಿರುಗಿ, "ಆರಾಮ ಅದೀನ್ರಿ" ಎಂದರು.

ಈ ವರ್ಷ ಸಂಕ್ರಾಂತಿ ಕಳೆದ ಮೇಲೆ ಮಿಸ್ತ್ರಿ ತೀರಿಕೊಂಡರು. ನನಗೆ ಖಬರು ಮುಟ್ಟಿದ್ದು ತಿಂಗಳ ಮೇಲೆ. ಮತ್ತೊಮ್ಮೆ ಹೋಗಬೇಕೆಂದು ಅಂದುಕೊಂಡದ್ದು ಎಷ್ಟು ಸಲವೋ... ಹೋಗಲಿಲ್ಲ. ಅವತ್ತು ಕಾರ್ಡಿನ ಹಿಂದೆ ಬರೆದದ್ದು ಇಷ್ಟು: "ನಿಮ್ಮ ಕಿವಿಯ ಮಾತು ಊರಿಗೆ ಹೇಳಿದವನು ನಾನು." ಈಗ ಇದೆಲ್ಲವನ್ನೂ ಬರೆದು ಅಚ್ಚಿಗೆ ಕೊಡುತ್ತಿದ್ದೇನೆ. ಕುರ್ತಕೋಟಿಯವರೆಗೆ ಹೋದರೆ ಅವರ ಮಗಳು ಓದುತ್ತಾಳೆ. ಓದಲಿ, ಬೈಯಲಿ. ಆದರೆ ಓದಿದ ಮೇಲೆ ಅವಳು ಯಾರ ಮುಂದೆ ಕುಳಿತು ಸನ್ನೆ ಮಾಡಿ ಹೇಳುತ್ತಾಳೆ?