ಬೀದಿ ತುಳಿಯದ ಬೂಟು

೧೯೫೭ನೆಯ ಇಸವಿ, ಜೂನ್ ತಿಂಗಳ ಒಂದು ಸೋಮವಾರ, ಬೆಳಗ್ಗೆ ಏಳಕ್ಕೆ ಹತ್ತು ನಿಮಿಷ. ಮೈಸೂರಿನಲ್ಲಿ ರೈಲು ಹಳಿಯ ಆಚೆಗಿದ್ದ ಎರಕದ ಕಾರ್ಖಾನೆಯ ಗೇಟು. ಹಾಜರಿದ್ದವರು ನಾಲ್ವರು: ಮ್ಯಾನೇಜರ್ ರಾಮರಾಯರು, ಗೇಟಿನ ಜಮಾದಾರ ಮಾದಪ್ಪ, ಎರಕದ ಮೇಸ್ತ್ರಿ ನಿಂಗೇಗೌಡರು, ಸ್ಟೋರ್ಸ್ ಸೂಪರಿಂಟೆಂಡೆಂಟ್ ಆಗಿದ್ದ ನಾನು. ನಿಂಗೇಗೌಡರೊಬ್ಬರನ್ನು ಬಿಟ್ಟು ಉಳಿದವರೆಲ್ಲರ ಕಾಲಲ್ಲೂ ಬೂಟು ಇತ್ತು. ಬೂಟಿಲ್ಲದವನು ಅಂದಿನಿಂದ ಗೇಟು ದಾಟುವಂತಿಲ್ಲ, ಹಟ ಹಿಡಿದರೆ ಕೆಲಸದಿಂದ ವಜಾ ಎಂದು ಮ್ಯಾನೇಜರರ ಹುಕುಂ ಆಗಿತ್ತು. ಗೌಡರು ಬರಿಗಾಲಿನಲ್ಲಿ ಗೇಟಿನ ಮುಂದೆ ನಿಂತಿದ್ದರು. ನನ್ನ ಕಂಕುಳಲ್ಲಿ ಗೋಣಿತಟ್ಟಿನ ಒಂದು ಗಂಟು ಇತ್ತು.

ಹುಕುಮಿಗೆ ಕಾರಣವಿತ್ತು. ಹಿಂದಿನ ತಿಂಗಳು ಎರಕ ಹೊಯ್ಯುವಾಗ ಒಬ್ಬ ಆಳಿನ ಪಾದದ ಮೇಲೆ ಕಾದ ಕಬ್ಬಿಣ ಸಿಡಿದು, ಅವನು ಆಸ್ಪತ್ರೆ ಸೇರಿದ್ದ. ಎರಕದ ಮನೆಯಲ್ಲಿ ಎಲ್ಲರೂ ಬರಿಗಾಲಿನಲ್ಲೇ ದುಡಿಯುತ್ತಿದ್ದ ಕಾಲ. ಇನ್ನು ಮೇಲೆ ಬೂಟು ಕಡ್ಡಾಯ ಎಂದು ರಾಮರಾಯರು ತೀರ್ಮಾನಿಸಿದ್ದು ಸರಿಯೇ. ಆದರೆ ಅವರು ಯಾರನ್ನೂ ಕೇಳದೆ ಯುದ್ಧಕಾಲದ ಡಿಸ್ಪೋಸಲ್ ಬೂಟುಗಳನ್ನು, ಅಂದರೆ ಸೈನ್ಯ ಬೇಡವೆಂದು ಮಾರಿದ ಹಳೆಯ ದಾಸ್ತಾನನ್ನು, ಲಾರಿಯಲ್ಲಿ ತರಿಸಿ ನನ್ನ ಸ್ಟೋರ್ಸಿನಲ್ಲಿ ಇಳಿಸಿದರು. ಹಂಚುವುದು ನನ್ನ ಕೆಲಸ. ನಾನು ಹಂಚಲಿಲ್ಲ.

ಕಾರ್ಖಾನೆಗೆ ಸೇರುವ ಮುನ್ನ ನಾನು ಸೈನ್ಯದಲ್ಲಿ ಬೂಟಿನ ಉಗ್ರಾಣದ ಹವಾಲ್ದಾರನಾಗಿದ್ದೆ. ಅಲ್ಲಿ ಬೆಳಗಿನ ಕಹಳೆಯಿಂದ ರಾತ್ರಿಯ ಕಹಳೆಯವರೆಗೆ ಎಲ್ಲಕ್ಕೂ ಹೊತ್ತು ನಿಗದಿ. ಬೂಟಿಗೂ ಒಂದು ಶಿಸ್ತು. ಕಾಲಿನ ಅಳತೆಯನ್ನು ಬೆಳಗ್ಗೆ ತೆಗೆಯಬಾರದು, ದುಡಿದು ಕಾಲು ಊದಿಕೊಂಡ ಸಂಜೆ ತೆಗೆಯಬೇಕು. ಕುಳಿತವನದನ್ನು ತೆಗೆಯಬಾರದು, ಹೊರೆ ಹೊತ್ತು ನಿಂತವನದನ್ನು ತೆಗೆಯಬೇಕು. ಹೊರೆ ಬಿದ್ದಾಗ ಪಾದ ಹರಡುತ್ತದೆ. ಮುಂದುಗಡೆ ಬೆರಳುಗಳು ಆಡಬೇಕು, ಹಿಮ್ಮಡಿ ಆಡಬಾರದು. ಅಟ್ಟೆಯನ್ನು ಬಾಗಿಸಿದರೆ ಅದು ಬೆರಳು ಮಡಿಚುವ ಕಡೆ ಬಾಗಬೇಕು. ನಡುಮಧ್ಯೆ ಬಾಗಿದರೆ ಆ ಬೂಟು ಎಷ್ಟೇ ಹೊಳೆಯಲಿ, ಬಾಳುವುದಿಲ್ಲ.

ಆದರೆ ಸಿಪಾಯಿಯ ಬೂಟು ನಡೆಯುವವನಿಗೆ, ಎರಕ ಹೊಯ್ಯುವವನಿಗಲ್ಲ. ನಾನು ಮ್ಯಾನೇಜರರ ಕೋಣೆಗೆ ಹೋಗಿ ಮೂರು ತಪ್ಪು ಹೇಳಿದೆ. ಅಟ್ಟೆಗೆ ಹೊಡೆದ ಕಬ್ಬಿಣದ ಮೊಳೆ ಬಿಸಿಯನ್ನು ನೇರವಾಗಿ ಪಾದಕ್ಕೆ ತಲುಪಿಸುತ್ತದೆ. ಹತ್ತು ವರ್ಷ ಗೋದಾಮಿನಲ್ಲಿ ಕೊಳೆತ ಚರ್ಮ ಮರದಂತೆ ಸೆಟೆದಿದೆ. ಎಲ್ಲಕ್ಕಿಂತ ಮಿಗಿಲಾಗಿ, ಲೇಸು. ಒಂದು ತೊಟ್ಟು ಕಾದ ಕಬ್ಬಿಣ ಬೂಟಿನೊಳಗೆ ಇಳಿದರೆ ಲೇಸು ಬಿಚ್ಚುವ ಹೊತ್ತಿಗೆ ಅದು ಮೂಳೆ ಮುಟ್ಟಿರುತ್ತದೆ.

“ಇದೇ ಬೂಟು ಹಾಕಿಕೊಂಡು ಸೈನ್ಯದೋರು ಯುದ್ಧ ಗೆಲ್ಲಲಿಲ್ಲವೇನ್ರೀ?” ಎಂದರು ರಾಯರು.

“ಗೆದ್ದಿದ್ದು ಎರಕದ ಮನೇಲಲ್ಲ ಸಾರ್.”

“ಹಂಚೋದು ನಿಮ್ಮ ಕೆಲಸ. ಭಾಷಣ ನಾನು ಕೇಳಲಿಲ್ಲ.”

“ಇದನ್ನ ಹಂಚೋಕೆ ಬೇರೆಯವರನ್ನ ನೋಡಿಕೊಳ್ಳಿ” ಎಂದು ಹೇಳಿ ಹೊರಬಂದೆ. ಸ್ಟೋರ್ಸಿನ ಬೀಗದ ಕೈ ನನ್ನ ಜೇಬಿನಲ್ಲೇ ಇತ್ತು. ಗೇಟು ಕಾಯುವವರಿಗೆಂದು ಕೆಲವು ಜೊತೆಯನ್ನು ಮಾತ್ರ ಕೊಟ್ಟೆ. ಅವರ ಹತ್ತಿರ ಬೆಂಕಿ ಇಲ್ಲ. ಎರಕದ ಆಳುಗಳಿಗೆ ಒಂದನ್ನೂ ಕೊಡಲಿಲ್ಲ.

ಸರಿಯಾದ ಬೂಟು ಯಾವುದೆಂದು ತೋರಿಸುವ ಹೊಣೆ ಈಗ ನನ್ನ ಮೇಲೆ ಬಿತ್ತು. ಎರಕದ ಮನೆಗೆ ಹೋಗಿ ನಿಂಗೇಗೌಡರನ್ನು ಮಾತಾಡಿಸಿದೆ. ಅವರದು ಕಡಕೊಳದ ಕಡೆಯ ಒಕ್ಕಲು ಮನೆತನ. ದಿನಾ ಬೆಳಗಿನ ರೈಲಿಗೆ ಬರುತ್ತಿದ್ದರು. ಅವರು ಬೂಟು ಹಾಕಿಕೊಂಡರೆ ಉಳಿದವರೆಲ್ಲ ಹಾಕಿಕೊಳ್ಳುತ್ತಿದ್ದರು.

“ನಾನ್ ಆಕ್ಕೊಳಾಕಿಲ್ಲ ಕಣ್ರೀ ಅವಾಲ್ದಾರ್ರೇ” ಎಂದರು ಗೌಡರು, ಮರಳಚ್ಚಿನ ಮೇಲಿಂದ ತಲೆ ಎತ್ತದೆ. “ಬೆಳಗೆದ್ದು ಈ ಕುಲುಮೆಗೆ ಕುಂಕುಮ ಇಟ್ಟು ಕರ್ಪೂರ ಅಚ್ತೀವಿ. ಅದ್ರ ಮುಂದೆ ಬೀದಿ ಹೇಸಿಗೆ ತುಳ್ದ ಚರ್ಮ ಆಕ್ಕೊಂಡು ನಿಂತ್ಕೊಳಾಕಾಯ್ತದಾ?”

“ಕಾಲು ಸುಟ್ಟುಕೊಂಡ್ರೆ ಕುಲುಮೆ ಬಂದು ಮುಲಾಮು ಹಚ್ಚುತ್ತಾ ಗೌಡ್ರೆ?”

“ಮ್ಯಾನೇಜರ್ರು ಬಂದು ಅಚ್ತಾರಾ?”

ಚರ್ಮವೇ ಮೈಲಿಗೆಯೋ ಎಂದು ಕೇಳಿದೆ.

“ಚರ್ಮದ ಮ್ಯಾಲೆ ನಂಗೇನ್ ಕೋಪ? ನಮ್ಮೂರ ಕುಲುಮೆ ತಿದಿ ಚರ್ಮದ್ದೇ ಅಲ್ವಾ? ಬೆಂಕಿಗೆ ಉಸಿರು ಕೊಡೋದೇ ಅದು. ಆದ್ರೆ ತಿದಿ ಬೀದಿ ತುಳ್ಯಾಕಿಲ್ಲ.”

ಇಷ್ಟು ಕೇಳಿದ ಮೇಲೆ ದಾರಿ ಕಂಡಿತು. “ಬೂಟೂ ಬೀದಿ ತುಳೀದೇ ಇದ್ರೆ? ಇಲ್ಲೇ ಗೂಟಕ್ಕೆ ನೇತುಹಾಕಿ, ಇಲ್ಲೇ ಕಾಲು ತೊಳೆದು ಹಾಕಿಕೊಂಡು, ಇಲ್ಲೇ ಬಿಚ್ಚಿಟ್ಟು ಹೋದ್ರೆ?”

ಗೌಡರು ಆಗ ತಲೆ ಎತ್ತಿದರು. “ಅಂಗಾದ್ರೆ ನಂದೇನ್ ತಕರಾರು? ಮೊದ್ಲೇ ಕೇಳ್ಬಾರ್ದಾ?”

ಅದೇ ಸಂಜೆ ಕಂದು ಕಾಗದ ಹಾಸಿ ಅವರನ್ನು ನಿಲ್ಲಿಸಿ, ಕೈಗಳಿಗೆ ಒಂದೊಂದು ಕಬ್ಬಿಣದ ಗಟ್ಟಿ ಕೊಟ್ಟೆ. ಪೆನ್ಸಿಲ್ ಹಿಡಿದು ಬಗ್ಗಿದರೆ ಅವರು ಹಾರಿ ಹಿಂದೆ ಸರಿದರು. “ಅಯ್ಯಯ್ಯೋ, ಕಾಲ್ ಮುಟ್ಬ್ಯಾಡಿ! ವಯಸ್ನಲ್ಲಿ ದೊಡ್ಡೋರು!” ನಾನು ಕವಾಯತಿನ ದನಿಯಲ್ಲಿ “ಅಟೆನ್ಷನ್!” ಎಂದು ಕೂಗಿದೆ. ಗೌಡರು ಗಾಬರಿಯಿಂದ ಸೆಟೆದು ನಿಂತರು. ಅಷ್ಟರಲ್ಲಿ ಗೆರೆ ಎಳೆದು ಮುಗಿಸಿದೆ.

ಮಂಡಿ ಮೊಹಲ್ಲಾದ ಬೂಟು ವ್ಯಾಪಾರಿ ಗೌಸ್ ಸಾಹೇಬರು ಆ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದರು. “ಇದು ಮನುಷ್ಯನ ಕಾಲೋ, ಬಾತುಕೋಳೀದೋ ಹವಾಲ್ದಾರ್ ಸಾಬ್?” ಎಂದರು. ಚಿಕ್ಕಂದಿನಿಂದ ಗದ್ದೆ ತುಳಿದ ಪಾದ. ಬೆರಳುಗಳು ಬೀಸಣಿಗೆಯಂತೆ ಬಿಚ್ಚಿಕೊಂಡಿದ್ದವು. ಗಟ್ಟಿ ಎಮ್ಮೆ ಚರ್ಮ, ಮೊಳೆಯಿಲ್ಲದೆ ಹೊಲಿದ ಎರಡು ಪದರದ ಅಟ್ಟೆ, ಕಣಕಾಲು ಮುಚ್ಚುವ ಎತ್ತರ, ಲೇಸಿನ ಬದಲು ಹೊರಬದಿಯಲ್ಲಿ ಒಂದೇ ಪಟ್ಟಿ, ಎಳೆದರೆ ಕಳಚುವ ಬಕಲ್ಲು. ಸಾಹೇಬರು ಎರಡು ಸಲ ಜಗಳವಾಡಿ, ಮೂರನೆಯ ಸಲ ನಾನು ಹೇಳಿದಂತೆಯೇ ಹೊಲಿದುಕೊಟ್ಟರು. ಆ ಬೂಟೇ ಸೋಮವಾರ ಬೆಳಗ್ಗೆ ನನ್ನ ಕಂಕುಳಲ್ಲಿದ್ದುದು.

ಗಂಟು ಬಿಚ್ಚಿ ಗೋಣಿಯನ್ನು ನೆಲಕ್ಕೆ ಹಾಸಿ ಬೂಟುಗಳನ್ನು ಅದರ ಮೇಲಿಟ್ಟೆ. ಗೌಡರು ಮಾದಪ್ಪನವರ ತಂಬಿಗೆಯ ನೀರಿನಲ್ಲಿ ಕಾಲು ತೊಳೆದು, ಗೋಣಿಯ ಮೇಲೆ ಕಾಲಿಟ್ಟು, ಬೂಟು ಹಾಕಿಕೊಂಡರು. ಮಾದಪ್ಪನವರ ಕಾಲಲ್ಲಿ ಪಾಲಿಶ್ ಮಾಡಿದ ಡಿಸ್ಪೋಸಲ್ ಬೂಟು ಹೊಳೆಯುತ್ತಿತ್ತು.

“ಸಾರ್, ಒಂದು ಕಡ್ಡಿ ಗೀರುತ್ತೇನೆ. ಅದು ಉರಿದು ನನ್ನ ಬೆರಳಿಗೆ ಬರೋದರೊಳಗೆ ಇಬ್ಬರೂ ಒಂದೊಂದು ಬೂಟು ಬಿಚ್ಚಲಿ.”

ಕಡ್ಡಿ ಗೀರಿದೆ. ಗೌಡರು ಬಕಲ್ಲು ಎಳೆದು ಕಾಲು ಝಾಡಿಸಿದರು. ಬೂಟು ಗೋಣಿಯ ಮೇಲೆ ಬಿತ್ತು. ಮಾದಪ್ಪನವರು ಬಗ್ಗಿ ಲೇಸು ಎಳೆದರು, ಗಂಟು ಬಿಗಿಯಿತು, ಹಲ್ಲಿನಿಂದ ಕಚ್ಚಲು ಹೋಗಿ ಪೇಟ ಬಿತ್ತು. ಕಡ್ಡಿ ನನ್ನ ಬೆರಳು ಸುಟ್ಟಿತು.

“ಇನ್ನೊಂದ್ ಕಡ್ಡಿ ಗೀರಿ ಅವಾಲ್ದಾರ್ರೇ, ಜಮಾದಾರ್ರು ಗಂಟು ಹುಡ್ಕ್ಬುಟ್ಟವ್ರೆ!” ಎಂದರು ಗೌಡರು. ಮಾದಪ್ಪನವರು ಪೇಟ ಕೊಡವುತ್ತ “ಬಾಯಿ ಮುಚ್ಕಳಯ್ಯ” ಎಂದರು.

ರಾಯರು ನಗಲಿಲ್ಲ. ಬೂಟನ್ನು ಎತ್ತಿಕೊಂಡು ಅಟ್ಟೆ ಬಾಗಿಸಿ, ಹೊಲಿಗೆ ನೋಡಿದರು. “ಬೂಟು ಒಪ್ಪಿದೆ. ಎಲ್ಲರಿಗೂ ಇದೇ ಆಗಲಿ. ಹಾಕಿಕೊಂಡು ಒಳಗೆ ನಡೀರಿ.”

“ಇಲ್ಲಿಂದ ಆಕ್ಕೊಂಡ್ ನಡುದ್ರೆ ಬೀದಿ ತುಳ್ದಂಗೇ ಆಯ್ತದೆ ಸ್ವಾಮಿ. ಕೈಲಿಡ್ಕೊಂಡು ಓಯ್ತೀನಿ, ಎರಕದ ಮನೇಲ್ ಆಕ್ಕೊತೀನಿ.”

“ಹಾಗಾದರೆ ಇಲ್ಲಿಂದ ಕುಲುಮೆವರೆಗೆ ನಿಮಗೆ ರತ್ನಗಂಬಳಿ ಹಾಸಿಸಲೇ? ಹುಕುಂ ಅಂದರೆ ಹುಕುಂ. ಮಾದಪ್ಪ, ಇವರನ್ನ ಹೊರಗೆ ಕಳಿಸು.”

ಗೌಡರು ಬೂಟನ್ನು ಗೋಣಿಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟು, ರಸ್ತೆಯ ಕಡೆ ತಿರುಗಿದರು. ಬೇಡಿಕೊಳ್ಳಲಿಲ್ಲ. ನಾನು ಗೇಟಿನ ಕಲ್ಲಿನ ಮೇಲೆ ಕುಳಿತು ನನ್ನ ಬೂಟು ಬಿಚ್ಚಿದೆ. ನನ್ನದೂ ಲೇಸಿನದೇ, ಸಾಕಷ್ಟು ಹೊತ್ತು ಹಿಡಿಯಿತು. ಎಲ್ಲರೂ ನೋಡುತ್ತ ನಿಂತಿದ್ದರು. ಬರಿಗಾಲಿನಲ್ಲಿ ಎದ್ದು ನಿಂತು ಹೇಳಿದೆ:

“ನನ್ನನ್ನೂ ಹೊರಗೆ ಕಳಿಸಿ ಸಾರ್.”

“ನೀವು ಮಿಲಿಟರಿಯವರು. ಹುಕುಂ ಅಂದರೇನು ಅಂತ ನಿಮಗೆ ನಾನು ಹೇಳಿಕೊಡಬೇಕೆ?”

“ಬೇಡ ಸಾರ್. ಕಾಲು ಉಳಿಸೋಕೆ ತಾನೇ ಈ ಹುಕುಂ? ಬೆಂಕಿ ಇರೋದು ಎರಕದ ಮನೇಲಿ, ಗೇಟಿನಲ್ಲಲ್ಲ. ಬೆಂಕಿ ಮುಂದೆ ಬೂಟು ಹಾಕಿಕೊಳ್ತೀನಿ ಅನ್ನೋ ಮೇಸ್ತ್ರೀನ ಗೇಟಿನಿಂದ ಓಡಿಸಿದ್ರೆ ಯಾರ ಕಾಲು ಉಳೀತು?”

ಏಳರ ಸೈರನ್ ಆಯಿತು. ಹಿಂದೆ ಆಳುಗಳು ಸೇರಿದ್ದರು. ಒಬ್ಬರೂ ಒಳಗೆ ಹೆಜ್ಜೆ ಇಡಲಿಲ್ಲ. ರಾಯರು ಕೊನೆಗೆ ಕೇಳಿದ್ದು ನ್ಯಾಯವಾದ ಪ್ರಶ್ನೆಯೇ.

“ಗೇಟಿಗೂ ಎರಕದ ಮನೆಗೂ ನಡುವೆ ಅಂಗಳ ಇದೆ. ಅಲ್ಲಿ ಮೊಳೆ ಚುಚ್ಚಿದರೆ ಯಾರು ಹೊಣೆ?”

ಗೌಡರು ರಸ್ತೆಯಿಂದಲೇ ಉತ್ತರ ಕೊಟ್ಟರು: “ಮೊಳೆ ಇದ್ರೆ ಗುಡಿಸ್ಸಿ ಸ್ವಾಮಿ. ಅಂಗಳ ನಿಮ್ದು.”

ಹಿಂದೆ ಯಾರೋ ಕಿಸಕ್ಕೆಂದರು. ರಾಯರ ಮುಖ ಕೆಂಪಾಯಿತು. ಆಮೇಲೆ ನನ್ನ ಕಡೆ ತಿರುಗಿ, “ಬೂಟು ಎರಕದ ಮನೆ ಬಾಗಿಲಲ್ಲಿ. ತನ್ನ ಬೂಟು ಬಂದ ಮೇಲೂ ಅದಿಲ್ಲದೆ ಬಾಗಿಲು ದಾಟಿದವನು ಕೆಲಸ ಬಿಟ್ಟು ಮನೆಗೆ. ಅಂಗಳ ನಿಮ್ಮ ಜವಾಬ್ದಾರಿ. ಇವತ್ತು ಸಂಜೆಯೊಳಗೆ ಗುಡಿಸಿರಬೇಕು” ಎಂದು ಹೇಳಿ ಸರಸರನೆ ಹೊರಟುಹೋದರು. ನಿಂಗೇಗೌಡರು ಗೋಣಿಯ ಗಂಟು ತೆಗೆದುಕೊಂಡು ಗೇಟು ದಾಟಿದರು.

ಅಂದಿನ ಎರಕ ಹೊತ್ತಿಗೆ ಸರಿಯಾಗಿ ಮುಗಿಯಿತು. ಎರಡು ಸಲ ಕಿಡಿ ಸಿಡಿದು ಗೌಡರ ಬೂಟಿನ ಮೇಲೆ ಬಿದ್ದು ಉರುಳಿಹೋಯಿತು. ಅವರು ಕೆಳಗೆ ನೋಡಲೂ ಇಲ್ಲ. ಸಂಜೆ ಉಳಿದ ಆಳುಗಳ ಪಾದದ ಗೆರೆ ತೆಗೆದು ಮಂಡಿ ಮೊಹಲ್ಲಾಕ್ಕೆ ಕಳಿಸಿದೆ. ಅಂದು ಎಲ್ಲರೂ ನಾನು ಕೂಗುವ ಮೊದಲೇ ಅಟೆನ್ಷನ್‌ನಲ್ಲಿ ನಿಂತರು.

ಆ ನೌಕರಿ ಕಲಿಸಿದ ಪಾಠವನ್ನು ಇಂದಿಗೂ ಬಿಟ್ಟುಕೊಡಲಾರೆ. ಒಬ್ಬನ ಮೈಮೇಲೆ ಏರುವ ವಸ್ತುವನ್ನು ಅವನನ್ನು ಕೇಳದೆ ಆರಿಸಬಾರದು. ಕೇಳಿದ ಮೇಲೆ ಅವನು ಬೇಡವೆಂದರೆ ಏಕೆಂದು ಇನ್ನೊಂದು ಸಲ ಕೇಳಬೇಕು. ಮೊದಲ ಉತ್ತರಕ್ಕೇ ಮೂಢನಂಬಿಕೆ ಎಂದು ಹೆಸರಿಟ್ಟು ಎದ್ದುಹೋಗುವವನಿಗೆ ಕಾಲಿನ ಅಳತೆ ಎಂದೂ ಸಿಗುವುದಿಲ್ಲ. ಇದನ್ನು ಹೇಳಿದ್ದಕ್ಕೆ ನನಗೆ ಆ ವರ್ಷ ಬಡ್ತಿ ತಪ್ಪಿತು. ತಪ್ಪಲಿ.

ಅಳತೆ ಮುಗಿಸಿ ಬಂದಾಗ ಮಾದಪ್ಪನವರು ಎರಡು ಕಡ್ಡಿಪೊರಕೆ ಹಿಡಿದು ಅಂಗಳದಲ್ಲಿ ನಿಂತಿದ್ದರು. “ಜವಾಬ್ದಾರಿ ನಿಮ್ದಂತೆ. ಒಬ್ಬರೇ ಎಂಗ್ ಗುಡಿಸ್ತೀರಿ?” ಎಂದು ಒಂದನ್ನು ನನ್ನತ್ತ ಚಾಚಿದರು. ಅವರು ಗೇಟಿನ ಕಡೆಯಿಂದ, ನಾನು ಎರಕದ ಮನೆಯ ಕಡೆಯಿಂದ ಗುಡಿಸುತ್ತ ಬಂದು ನಡುವೆ ಸೇರಿದೆವು. ಮೊಳೆ, ತಗಡಿನ ಚೂರು, ಕಬ್ಬಿಣದ ಸಿಪ್ಪೆ ಒಂದು ಬಾಂಡ್ಲಿ ತುಂಬ ಆಯಿತು. ಅದನ್ನು ಹಳೆ ಕಬ್ಬಿಣದ ಗುಡ್ಡೆಗೆ ಸುರಿದು, ಸ್ವಚ್ಛವಾದ ಅಂಗಳವನ್ನು ಬರಿಗಾಲಿನಲ್ಲಿ ಒಮ್ಮೆ ಆ ತುದಿಯಿಂದ ಈ ತುದಿಗೆ ನಡೆದು ನೋಡಿ, ಗೇಟಿಗೆ ಬೀಗ ಹಾಕಿಸಿದೆ.