ಸೀತೆಯ ಕಾವಲಿಗೆ ಊದುಬತ್ತಿ ಡಬ್ಬ

ತೊಂಬತ್ತರ ದಶಕದಲ್ಲಿ ನನಗೆ ಸಿಕ್ಕ ಮೊದಲ ಕೆಲಸ ಅರಸೀಕೆರೆಯ ಒಂದು ಪುಟ್ಟ ವಸ್ತುಸಂಗ್ರಹಾಲಯದಲ್ಲಿ. ಇದ್ದದ್ದು ಎರಡೇ ಕೋಣೆ. ಅದನ್ನು ಕಟ್ಟಿ, ಸಾಕಿ, ಗದರಿಸಿ ನಡೆಸುತ್ತಿದ್ದವರು ನಿವೃತ್ತ ಮುಖ್ಯೋಪಾಧ್ಯಾಯಿನಿಯೊಬ್ಬರು. ನನ್ನ ಪಾಲಿಗೆ ಅವರು ಮೇಡಂ. ನೋಡಲು ಬಂದವರು ತಹಸೀಲ್ದಾರರೇ ಆಗಿರಲಿ, ಸಾಲಾಗಿ ನಿಲ್ಲಿಸಿಯೇ ಒಳಗೆ ಬಿಡುತ್ತಿದ್ದರು. ನನಗೆ ಅವರೆಂದರೆ ಭಯ, ಅದಕ್ಕಿಂತ ಹೆಚ್ಚಾಗಿ ಪ್ರೀತಿ.

ನಮ್ಮಲ್ಲಿದ್ದ ದೊಡ್ಡ ಆಸ್ತಿಯೆಂದರೆ ತೊಗಲುಗೊಂಬೆಗಳು. ಹಾರನಹಳ್ಳಿಯ ಗೊಂಬೆಯಾಟದ ತಾತ ಕೊಟ್ಟಿದ್ದವು. ಮುಪ್ಪಾದ ಗೊಂಬೆಗೆ ಪೂಜೆ ಮಾಡಿ ಹೊಳೆಗೆ ಬಿಡುವುದು ಅವರ ಮನೆತನದ ಪದ್ಧತಿ. "ಒಂದು ಹುಳ ಮುಟ್ಟದ ಹಾಗೆ ನೋಡ್ಕೋತೀನಿ" ಎಂದು ಮೇಡಂ ಮಾತು ಕೊಟ್ಟ ಮೇಲೆಯೇ ಅವರು ಒಪ್ಪಿದ್ದು. ಮಾತು ತಪ್ಪಿದರೆ ಅಷ್ಟನ್ನೂ ವಾಪಸ್ ಒಯ್ಯುವುದಾಗಿ ಮೊದಲೇ ಹೇಳಿದ್ದರು. ಸಂತೆಗೆ ಬಂದಾಗಲೆಲ್ಲ ಸೀತೆಯ ಗೊಂಬೆಯನ್ನು ಮಾತನಾಡಿಸಿಕೊಂಡೇ ಹೋಗುತ್ತಿದ್ದರು.

ತೊಗಲು ತಿನ್ನುವ ಹುಳ ಬರುತ್ತಿದೆಯೇ ಎಂದು ತಿಳಿಯಲು ಗೋಡೆಯಂಚಿಗೆ ಅಂಟು ಹಚ್ಚಿದ ರಟ್ಟುಗಳನ್ನು ಇಡುತ್ತಿದ್ದೆವು. ಒಂದು ಬೆಳಿಗ್ಗೆ ಹುಳದ ಬದಲು ಹಲ್ಲಿಯೊಂದು ಸಿಕ್ಕಿಕೊಂಡು ಒದ್ದಾಡುತ್ತಿತ್ತು. ಮೇಡಂ ನೆಲದ ಮೇಲೆ ಕೂತು, ಹತ್ತಿಯನ್ನು ಕೊಬ್ಬರಿ ಎಣ್ಣೆಯಲ್ಲಿ ಅದ್ದಿ, ಒಂದೊಂದೇ ಕಾಲು ಬಿಡಿಸಿದರು. ಬಾಲ ರಟ್ಟಿನಲ್ಲೇ ಉಳಿಯಿತು, ಹಲ್ಲಿ ಓಡಿತು. "ಹುಳ ಬಂತಾ ಅಂತ ತಿಳ್ಕೊಳ್ಳೋಕೆ ಹಲ್ಲಿ ಪ್ರಾಣ ತೆಗೀಬೇಕೇನೇ?" ಎಂದು ನನ್ನನ್ನು ಬೈದರು. ರಟ್ಟು ಇಟ್ಟವರು ಅವರೇ.

ಮರುದಿನದಿಂದ ರಟ್ಟುಗಳು ಊದುಬತ್ತಿಯ ಖಾಲಿ ಡಬ್ಬಗಳೊಳಗೆ ಸೇರಿದವು. ಹುಳ ನುಗ್ಗುವಷ್ಟು, ಹಲ್ಲಿಮರಿಯೂ ತೂರದಷ್ಟು ಸಣ್ಣ ತೂತು ಕೊರೆದೆವು. ಹಲ್ಲಿ ಸಿಗಲಿಲ್ಲ. ಹುಳವೂ ಸಿಗಲಿಲ್ಲ. ತಿಂಗಳುಗಟ್ಟಲೆ ಖಾಲಿ ರಟ್ಟು ನೋಡಿ ನಾವು ಬೀಗಿದ್ದೇ ಬೀಗಿದ್ದು.

ಒಮ್ಮೆ ಸಂತೆಯ ಹಿಂದಿನ ದಿನ ದೂಳು ಒರೆಸಲು ಸೀತೆಯನ್ನು ಹೊರತೆಗೆದರೆ ಪುಡಿ ಉದುರಿತು. ತೋಳಿನಲ್ಲಿ, ಸೆರಗಿನಲ್ಲಿ ತೂತುಗಳು. ಮೇಡಂ ಡಬ್ಬವೊಂದನ್ನು ಮೂಸಿ ನೋಡಿ ತಲೆ ಚಚ್ಚಿಕೊಂಡರು. ಮಲ್ಲಿಗೆಯ ಪರಿಮಳ ಇನ್ನೂ ಘಮ್ಮೆನ್ನುತ್ತಿತ್ತು. ಆ ವಾಸನೆಗೆ ಹುಳಗಳು ಡಬ್ಬದ ಹತ್ತಿರ ಸುಳಿಯದೆ ನೇರ ಸೀತೆಗೇ ಬಾಯಿ ಹಾಕಿದ್ದವು. ಡಬ್ಬವಿಲ್ಲದೆ ಬರೀ ರಟ್ಟನ್ನೇ ಇಡೋಣವೇ ಎಂದೆ. ಹಲ್ಲಿಗಳ ವಿಷಯದಲ್ಲಿ ಅವರು ಜಗ್ಗಲಿಲ್ಲ. ಬಳೆ ಅಂಗಡಿಯಿಂದ ವಾಸನೆಯಿಲ್ಲದ ಖಾಲಿ ಪೆಟ್ಟಿಗೆಗಳನ್ನು ತಂದು, ಹಾಗೆಯೇ ತೂತು ಕೊರೆದು ಇಟ್ಟೆವು. ಬೆಳಗಾಗುವಷ್ಟರಲ್ಲಿ ಹುಳ ಬಿದ್ದಿದ್ದವು.

ತಾತ ಬಂದರು. ಮೇಡಂ ಏನನ್ನೂ ಮುಚ್ಚಿಡದೆ ಹೇಳಿದರು. ತಾತ ಸೀತೆಯ ತೋಳು ಸವರಿ, "ಇವಳ ಕಾಲ ಮುಗೀತು ಕಣವ್ವ. ಬೇಲೂರಿಗೆ ಹೋಗಿ ಯಗಚಿ ಹೊಳೇಗೆ ಬಿಟ್ ಬತ್ತೀನಿ" ಎಂದರು. ಉಳಿದ ಗೊಂಬೆಗಳ ಮಾತೇ ಎತ್ತಲಿಲ್ಲ. ಕೇಳುವ ಧೈರ್ಯ ನಮಗಿಬ್ಬರಿಗೂ ಇರಲಿಲ್ಲ.

ಮೇಡಂ ಎದ್ದು ಮನೆಗೆ ಹೋಗಿ ಬಂದರು. ಜಗಲಿಯಲ್ಲಿ ಸೀತೆಯನ್ನು ಮಣೆಯ ಮೇಲೆ ಮಲಗಿಸಿ, ಅರಿಶಿನ ಕುಂಕುಮ ಇಟ್ಟು, ರವಿಕೆ ಕಣದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ವೀಳ್ಯದೆಲೆ ಕಟ್ಟಿ ಮಡಿಲು ತುಂಬಿದರು. ನನಗೆ ಅಳು ತಡೆಯಲಾಗಲಿಲ್ಲ.

ಸೀತೆಯನ್ನು ಪಂಚೆಯಲ್ಲಿ ಸುತ್ತಿ ಎದೆಗೊತ್ತಿಕೊಂಡು ಬಸ್ಸಿಗೆ ಹೊರಟ ತಾತ ಮೆಟ್ಟಿಲ ಮೇಲೆ ನಿಂತರು.

"ತೌರುಮನೆಯಿಂದ ಕಳಿಸ್ದಂಗೆ ಕಳಿಸ್ತಿದ್ದೀರಿ. ಮಿಕ್ಕೋರು ನಿಮ್ಮತ್ರಾನೇ ಇರ್ಲಿ ಬಿಡಿ, ಅವ್ವಾ."